ಬೋರ್ಡ್ ಬದಲಾದರೆ ತಂಡ ಹೊಸದಾಗುತ್ತಾ?

ಈಗಷ್ಟೇ ಒಂದು ರೀಲ್ ನೋಡಿದೆ. 2026ರಲ್ಲಿ ಫಾರ್ಮುಲಾ ಒನ್‌ಗೆ ಬಂದ "ಎರಡು ಹೊಸ ತಂಡಗಳ" ಪರಿಚಯವಂತೆ. ಒಂದು ಕ್ಯಾಡಿಲಾಕ್, ಇನ್ನೊಂದು ಔಡಿ. ಹಿಂದೆ ಕಿವಿ ಕಿತ್ತುಹೋಗುವ ಮ್ಯೂಸಿಕ್. ಕ್ಯಾಡಿಲಾಕ್ ಹೊಸದು, ಒಪ್ಪೋಣ. ಎಂಜಿನ್ ಫೆರಾರಿಯವರಿಂದ ತಂದರೂ ಕಾರು ಕಟ್ಟುವ ಜನರನ್ನು ಮೊದಲಿಂದ ಸೇರಿಸಿದ್ದಾರೆ. ಆದರೆ ಔಡಿ ಹೊಸ ತಂಡವೇ? ಅದು ಮೊದಲಿಂದ ಇದ್ದ ಸೌಬರ್ ತಂಡವನ್ನೇ ಕೊಂಡು ಬೋರ್ಡ್ ಬದಲಾಯಿಸಿದ್ದು. ಕೆಳಗೆ ನೂರಾರು ಜನ ಬೆಂಕಿ ಇಮೋಜಿ ಬೇರೆ ಹಾಕಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

ಅಲ್ಲ ಸ್ವಾಮಿ, ಸ್ವಿಟ್ಜರ್ಲೆಂಡಿನ ಹಿನ್ವಿಲ್‌ನ ಪೀಟರ್ ಸೌಬರ್ 1970ರಿಂದ ರೇಸ್ ಕಾರು ಕಟ್ಟಿದ ಮನುಷ್ಯ. 1993ರಲ್ಲಿ ಫಾರ್ಮುಲಾ ಒನ್‌ಗೆ ಇಳಿದರು. ದಕ್ಷಿಣ ಆಫ್ರಿಕಾದಲ್ಲಿ ನಡೆದ ಮೊದಲ ರೇಸಿನಲ್ಲೇ ಅವರ ಕಾರು ಐದನೆಯದಾಗಿ ಬಂತು. ಆಮೇಲೆ ಬಿಎಂಡಬ್ಲ್ಯು ಬಂದು ತಂಡ ಕೊಂಡಿತು. 2008ರಲ್ಲಿ ಕೆನಡಾದಲ್ಲಿ ಕುಬಿತ್ಸಾ ಗೆದ್ದ. ಮರುವರ್ಷದ ಕೊನೆಗೆ ಬಿಎಂಡಬ್ಲ್ಯುಗೆ ಬೇಜಾರಾಯಿತು, ಗಂಟುಮೂಟೆ ಕಟ್ಟಿತು. ಸೌಬರ್ ತಮ್ಮ ತಂಡವನ್ನು ತಾವೇ ವಾಪಸ್ ಕೊಂಡರು. 2010ರಲ್ಲಿ ಅದರ ಹೆಸರೇನಿತ್ತು ಗೊತ್ತಾ? ಬಿಎಂಡಬ್ಲ್ಯು ಸೌಬರ್. ಎಂಜಿನ್ ಮಾತ್ರ ಫೆರಾರಿ! ಬಿಎಂಡಬ್ಲ್ಯು ಎದ್ದು ಹೋದರೂ ಅದರ ಹೆಸರು ಇನ್ನೊಂದು ವರ್ಷ ಅಲ್ಲೇ ಕೂತಿತ್ತು. 2019ರಲ್ಲಿ ಆಲ್ಫಾ ರೋಮಿಯೋ ಅಂತಾಯಿತು. ಆ ಕಂಪನಿ ಕೊಟ್ಟದ್ದು ದುಡ್ಡು ಮತ್ತು ಹೆಸರು. ಕಾರು ಹಿನ್ವಿಲ್‌ನದೇ, ಎಂಜಿನ್ ಆಗಲೂ ಫೆರಾರಿಯದೇ. 2024ರಲ್ಲಿ "ಸ್ಟೇಕ್", "ಕಿಕ್" ಅಂತ ಪ್ರಾಯೋಜಕರ ಹೆಸರು ಏನೇನೋ ಅಂಟಿಸಿದರು. ಆ ಕಿಕ್ ಸೌಬರ್‌ನಲ್ಲೇ 2025ರ ಜುಲೈನಲ್ಲಿ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಮಳೆಯಲ್ಲಿ, ಹುಲ್ಕೆನ್‌ಬರ್ಗ್ 19ನೇ ಸ್ಥಾನದಿಂದ ಹೊರಟು ಮೂರನೆಯವನಾಗಿ ಬಂದ. ಅವನ 239ನೇ ರೇಸಿನಲ್ಲಿ ಮೊದಲ ಪೋಡಿಯಂ, ಅಂದರೆ ಮೊದಲ ಮೂವರಲ್ಲಿ ಜಾಗ.

ಆ ಸಂಜೆ ಕಣ್ಣೀರು ಹಾಕಿದ ಮೆಕ್ಯಾನಿಕ್‌ಗಳು ಈಗ "ಹೊಸ ತಂಡ"ದವರು. ಅಲ್ವಾ?

ಔಡಿ ಜರ್ಮನಿಯಲ್ಲಿ ಸ್ವಂತ ಎಂಜಿನ್ ಮಾಡಿದೆ, ಅದು ನಿಜಕ್ಕೂ ಹೊಸದು. ಅದಕ್ಕೆ ಚಪ್ಪಾಳೆ ಹೊಡೆಯಿರಿ, ನಾನೂ ಹೊಡೆಯುತ್ತೇನೆ. ತಂಡ ಹೊಸದು ಅನ್ನಬೇಡಿ ಅಷ್ಟೆ.

ನನಗ್ಯಾಕೆ ಇಷ್ಟು ಸಿಟ್ಟು ಅಂತ ಹಳೇ ಸ್ನೇಹಿತರಿಗೆ ಗೊತ್ತು. ಪೀಣ್ಯದ ಶೆಡ್ಡಿನಲ್ಲಿ ಲೇತ್ ಮುಂದೆ ನಿಂತು ಕೂದಲು ಬೆಳ್ಳಗಾದವನು ನಾನು. ನಾವು ಮೈಕ್ರಾನ್ ಲೆಕ್ಕದಲ್ಲಿ ತಿರುಗಿಸಿದ ಬುಷ್ ಬೇರೆ ಯಾರದೋ ಡಬ್ಬದಲ್ಲಿ ಬೇರೆ ಯಾರದೋ ಹೆಸರು ಹೊತ್ತು ಅಂಗಡಿಗೆ ಹೋಗುತ್ತಿತ್ತು. ಒಮ್ಮೆ ಬಿಡಿಭಾಗದ ಅಂಗಡಿಯವನೊಬ್ಬ ನನಗೇ ಅದನ್ನು ತೋರಿಸಿ "ಇದು ಇಂಪೋರ್ಟೆಡ್ ಸಾರ್, ನಮ್ಮವರ ಕೈಲಿ ಇಷ್ಟು ಫಿನಿಶಿಂಗ್ ಬರಲ್ಲ" ಅಂದ. ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟು ಬಂದೆ. ಆ ಉರಿ ಇನ್ನೂ ಆರಿಲ್ಲ. ಅದು ಈಗ ರೀಲ್ ಮಾಡಿದ ಹುಡುಗನ ಮೇಲೆ ಹೋಗುತ್ತಿದೆ, ಪಾಪ.

ಇನ್ನು ನಮ್ಮವರದೇ ಅಂದುಕೊಂಡಿದ್ದ ಫೋರ್ಸ್ ಇಂಡಿಯಾ ಕಥೆಗೆ ಬನ್ನಿ. ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಎದುರಿಗಿದ್ದ ಫ್ಯಾಕ್ಟರಿ. 1991ರಲ್ಲಿ ಅಲ್ಲಿ ಎಡ್ಡಿ ಜೋರ್ಡನ್ ತಂಡ. ಶುಮಾಕರ್ ಮೊದಲ ಸಲ ಕೂತದ್ದು ಅವರ ಹಸಿರು ಕಾರಿನಲ್ಲೇ. ನಮ್ಮ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಓಡಿಸಿದ್ದೂ ಜೋರ್ಡನ್ನೇ. ಆಮೇಲೆ ಬೋರ್ಡಿನ ಮೇಲೆ ಮಿಡ್ಲೆಂಡ್, ಸ್ಪೈಕರ್. 2007ರಲ್ಲಿ ನಮ್ಮ ಬೆಂಗಳೂರಿನ ಮಲ್ಯ ಸಾಹೇಬರು ಪಾಲುದಾರರ ಜೊತೆ ಸೇರಿ ಕೊಂಡರು. ಕೇಸರಿ, ಬಿಳಿ, ಹಸಿರು ಬಣ್ಣ ಬಿತ್ತು. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫಿಸಿಕೆಲ್ಲಾ ಪೋಲ್ ಹೊಡೆದು, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟು, ಎರಡನೆಯವನಾಗಿ ಬಂದಾಗ ನಾನು ಮನೆಯಲ್ಲಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಕಾರು ಕಟ್ಟಿದ್ದು ಇಂಗ್ಲೆಂಡಿನಲ್ಲಿ, ಎಂಜಿನ್ ಮರ್ಸಿಡಿಸ್, ಓಡಿಸಿದವನು ಇಟಲಿಯವನು ಅಂತ ಚೆನ್ನಾಗಿ ಗೊತ್ತಿದ್ದೇ ಕೂಗಿದ್ದು. ಏನ್ ಮಾಡೋದು, ಬಾವುಟದ ಬಣ್ಣ. ಇದರ ತಮಾಷೆ ನೋಡಿ: ಭಾರತದ ಹೆಸರಿಲ್ಲದಾಗ ಆ ಫ್ಯಾಕ್ಟರಿಯ ಕಾರಿನಲ್ಲಿ ಭಾರತೀಯ ರೇಸ್ ಮಾಡಿದ. ಭಾರತದ ಹೆಸರಿದ್ದ ಅಷ್ಟೂ ವರ್ಷ ಒಬ್ಬ ಭಾರತೀಯನೂ ಮಾಡಲಿಲ್ಲ.

2018ರಲ್ಲಿ ದುಡ್ಡು ಖಾಲಿ. ಬೇಸಿಗೆ ರಜೆಯಲ್ಲಿ ಕೆನಡಾದ ಸಿರಿವಂತ ಲಾರೆನ್ಸ್ ಸ್ಟ್ರೋಲ್ ಮತ್ತು ಜೊತೆಗಾರರು ಬಂದರು. ಹಳೇ ಕಂಪನಿಯನ್ನೇ ಕೊಳ್ಳಲು ಆಗಲಿಲ್ಲ, ಅದರ ಆಸ್ತಿಯನ್ನು ಹೊಸ ಕಂಪನಿಯ ಹೆಸರಲ್ಲಿ ಕೊಂಡರು. ಹಾಗಾಗಿ ಕಾಗದದ ಪ್ರಕಾರ ಇದು ಹೊಸ ತಂಡ. ಅಲ್ಲಿತನಕ ಗಳಿಸಿದ್ದ ತಂಡದ 59 ಅಂಕಗಳು ಸೊನ್ನೆ! ಚಾಲಕರ ಅಂಕ ಮಾತ್ರ ಹಾಗೇ ಉಳಿಯಿತು. ಅಂದರೆ ಓಡಿಸಿದವನು ಅದೇ ಮನುಷ್ಯ, ಕಾರು ಕಟ್ಟಿದವರು ಬೇರೆಯವರು. ಯಾವ ಸೀಮೆ ಲೆಕ್ಕ ಇದು? ಅದೇ ವಾರ ಸ್ಪಾದಲ್ಲಿ ಅದೇ ಗುಲಾಬಿ ಕಾರು, ಅದೇ ಜನ. ಹೊರಡುವ ಜಾಗ ಗೊತ್ತುಮಾಡುವ ಕ್ವಾಲಿಫೈಯಿಂಗ್‌ನಲ್ಲಿ ಓಕಾನ್ ಮೂರನೆಯವ, ಪೆರೆಜ್ ನಾಲ್ಕನೆಯವ. ರೇಸಿನಲ್ಲಿ ಐದು ಮತ್ತು ಆರನೇ ಸ್ಥಾನ, 18 ಅಂಕ. ಹುಟ್ಟಿ ವಾರ ಕಳೆಯದ ತಂಡ!

2021ರಲ್ಲಿ ಅದೇ ಆಸ್ಟನ್ ಮಾರ್ಟಿನ್ ಆಯಿತು. "60 ವರ್ಷದ ಮೇಲೆ ವಾಪಸ್ ಬಂದೆವು" ಅಂತ ದೊಡ್ಡ ಪ್ರಚಾರ. ಬಂದವರು ಯಾರಪ್ಪ? ಆಗ ಅಲ್ಲಿ ತಾಂತ್ರಿಕ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ಗ್ರೀನ್, 1991ರ ಆ ಹಸಿರು ಜೋರ್ಡನ್ ಕಾರಿನ ವಿನ್ಯಾಸದಲ್ಲೇ ಕೈ ಹಾಕಿದ್ದವರು. ನಡುವೆ ಬೇರೆ ತಂಡಗಳಿಗೆ ಹೋಗಿ ಮತ್ತೆ ಅಲ್ಲಿಗೇ ಬಂದರು. ವಾಪಸ್ ಬಂದವರು ಅಂತ ಹೇಳುವುದಿದ್ದರೆ ಅವರನ್ನು ಹೇಳಿ.

ಈಗ ಒಬ್ಬರು ಬಂದೇ ಬರುತ್ತಾರೆ, "ಸಾರ್, ದುಡ್ಡು ಹಾಕಿದವನು ಹೆಸರು ಹಾಕದೆ ಇರ್ತಾನಾ? ಸ್ಟ್ರೋಲ್ ಬರದಿದ್ದರೆ 400ಕ್ಕೂ ಹೆಚ್ಚು ಜನ ಬೀದಿಗೆ ಬೀಳುತ್ತಿದ್ದರು" ಅಂತ. ನಿಜ, ಸಂಬಳ ಕೊಟ್ಟವರಿಗೆ ನಮಸ್ಕಾರ. ಕಾರಿನ ಮೇಲೆ ಬೇಕಾದಷ್ಟು ದೊಡ್ಡದಾಗಿ ಹೆಸರು ಬರೆದುಕೊಳ್ಳಲಿ. ನನ್ನ ತಕರಾರು ಕಾರಿನ ಮೇಲಿನ ಬಣ್ಣದ ಬಗ್ಗೆ ಅಲ್ಲ, ದಾಖಲೆ ಪುಸ್ತಕದ ಬಗ್ಗೆ. ತಂಡಗಳಿಗೆ ಬೇರೆಯದೇ ಚಾಂಪಿಯನ್‌ಶಿಪ್ ಅಂತ 1958ರಿಂದ ಕೊಡುತ್ತಿರುವುದು ಕಾರು ಕಟ್ಟಿದವರಿಗೆ ತಾನೇ? ಕಾರಿನ ಚಾಸಿಯನ್ನು ಇನ್ನೊಬ್ಬರಿಂದ ಕೊಳ್ಳಬಾರದು, ನೀವೇ ವಿನ್ಯಾಸ ಮಾಡಬೇಕು ಅಂತ ನಿಯಮ ಮಾಡುತ್ತೀರಿ. ಹೆಸರನ್ನು ಮಾತ್ರ ಯಾರಿಗೆ ಬೇಕಾದರೂ ಮಾರಬಹುದು! ಹೋಂಡಾ ಬಿಟ್ಟುಹೋದ ತಂಡ 2009ರಲ್ಲಿ ಬ್ರಾನ್ ಹೆಸರಲ್ಲಿ ಚಾಲಕರದು, ತಂಡದ್ದು ಎರಡೂ ಚಾಂಪಿಯನ್‌ಶಿಪ್ ಗೆದ್ದಿತು. ಮರುವರ್ಷ ಅದೇ ಬ್ರಾಕ್ಲಿ ಫ್ಯಾಕ್ಟರಿ ಮರ್ಸಿಡಿಸ್. ಮರ್ಸಿಡಿಸ್ ಖಾತೆ ನೋಡಿ, ಆ 2009 ಇಲ್ಲ. ಆ ಗೆಲುವು ಅನಾಥ.

ಎಲ್ಲಕ್ಕಿಂತ ಜಾಸ್ತಿ ನಗು ಬರುವುದು ರೆನೋ ಕಂಪನಿಯ ಆಲ್ಪೈನ್ ತಂಡ ನೋಡಿದರೆ. ಫ್ರಾನ್ಸಿನ ಹೆಮ್ಮೆಯಂತೆ, ನೀಲಿ ಬಣ್ಣವಂತೆ. ಕಾರು ಕಟ್ಟುವುದು ಇಂಗ್ಲೆಂಡಿನ ಎನ್‌ಸ್ಟೋನ್‌ನಲ್ಲಿ. ಶುಮಾಕರ್ 1994, 1995ರಲ್ಲಿ ಬೆನೆಟನ್ ಹೆಸರಲ್ಲಿ ಗೆದ್ದದ್ದು, ಅಲೊನ್ಸೊ 2005, 2006ರಲ್ಲಿ ರೆನೋ ಹೆಸರಲ್ಲಿ ಗೆದ್ದದ್ದು, ರೈಕೊನೆನ್ ಲೋಟಸ್ ಹೆಸರಲ್ಲಿ ಗೆದ್ದದ್ದು ಎಲ್ಲ ಅಲ್ಲಿಯ ಕಾರಿನಲ್ಲೇ. ಫ್ರಾನ್ಸಿನಲ್ಲಿ ನಿಜವಾಗಿ ತಯಾರಾಗುತ್ತಿದ್ದದ್ದು ಒಂದೇ, ವಿರಿ ಎಂಬಲ್ಲಿಯ ಎಂಜಿನ್. ಅದನ್ನು ನಿಲ್ಲಿಸಬೇಡಿ ಅಂತ ಅಲ್ಲಿಯ ಕೆಲಸಗಾರರು 2024ರಲ್ಲಿ ಇಟಲಿಯ ಮೊಂಜಾ ಟ್ರ್ಯಾಕಿನ ಗ್ಯಾಲರಿಯಲ್ಲಿ ನಿಂತು ಪ್ರತಿಭಟನೆ ಮಾಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2025ರ ಕೊನೆಗೆ ಅದು ಬಂದ್. ಕಾರು ಕಟ್ಟಿದವರ ಹೆಸರಿಗೂ ಜಾಗವಿಲ್ಲ, ಎಂಜಿನ್ ಮಾಡಿದವರ ಕೆಲಸಕ್ಕೂ ಜಾಗವಿಲ್ಲ. ಮೂತಿಯ ಮೇಲಿನ ಲಾಂಛನ ಮಾತ್ರ ಪಳಪಳ.

ಆಲ್ಪೈನ್ ಅಭಿಮಾನಿಗಳು ಕಾಮೆಂಟಿಗೆ ಬಂದು ಜಗಳ ಆಡುವುದಿದ್ದರೆ ಬನ್ನಿ, ಸಂತೋಷ. ಆದರೆ ಈ ವರ್ಷ ನಿಮ್ಮ ಕಾರಿನಲ್ಲಿರುವ ಮರ್ಸಿಡಿಸ್ ಎಂಜಿನ್ ಯಾವ ಫ್ರೆಂಚ್ ಕಂಪನಿಯದು ಅಂತ ಮೊದಲು ಹೇಳಿ, ಆಮೇಲೆ ಶುರು ಮಾಡಿ.