ಬಿದ್ರಿ ಹೂದಾನಿಯನ್ನು ಕೈಯಿಂದ ತಿರುಗಿಸಿ ನೋಡೋಣ

ಕೈಯಿಂದ ಬಿಡಿಸಿದ ಕಾರ್ಟೂನಿನಲ್ಲಿ ಜೀವವಿತ್ತು, ಕಂಪ್ಯೂಟರ್ ಬಂದು ಎಲ್ಲ ಕೆಟ್ಟಿತು ಎಂದು ಹಲುಬುವವರು ನಮ್ಮ ಬೀದರಿನಲ್ಲೂ ಇದ್ದಾರೆ. ಅವರಿಗೆ ನನ್ನದೊಂದು ಸವಾಲು: ಒಂದು ಬಿದ್ರಿ ಹೂದಾನಿಯನ್ನು ಕೈಯಿಂದಲೇ ಬಿಡಿಸಿ, ತೆರೆಯ ಮೇಲೆ ಒಂದು ಸುತ್ತು ತಿರುಗಿಸಿ ತೋರಿಸಿ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು, ಅಂದರೆ ತೆರೆಯ ಮೇಲೆ ಒಂದರ ಹಿಂದೊಂದು ಬರುವ 24 ನಿಶ್ಚಲ ನೋಟ. ಒಂದೊಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ನಾಲ್ಕು ಸೆಕೆಂಡಿನ ಸುತ್ತಿಗೆ 48. ಪ್ರತಿಯೊಂದರಲ್ಲೂ ಕಪ್ಪು ಮೈಮೇಲಿನ ಬೆಳ್ಳಿ ಬಳ್ಳಿ ತುಸು ಸರಿಯಬೇಕು, ಅಂಚಿನತ್ತ ಹೋದ ಎಲೆ ಕಿರಿದಾಗಬೇಕು, ಮರೆಯಾದ ಹೂವಿನ ಬದಲು ಇನ್ನೊಂದು ಬರಬೇಕು. ಕೂದಲೆಳೆಯಷ್ಟು ತಪ್ಪಿದರೂ ಸಾಕು, ಕುಸುರಿಯೆಲ್ಲ ತೆರೆಯ ಮೇಲೆ ನಡುಗತೊಡಗುತ್ತದೆ. ಬೆಳ್ಳಿಯ ಹೊಳಪಿನ ಮಾತಂತೂ ಬೇಡವೇ ಬೇಡ.

ಹಳೆಯ ಕಾರ್ಟೂನ್ ಪಾತ್ರಗಳು ಹೂವಿಲ್ಲದ, ಗೆರೆಯಿಲ್ಲದ ಸಾದಾ ಬಟ್ಟೆಯನ್ನೇ ತೊಡುತ್ತಿದ್ದುದು ಬಹುಮಟ್ಟಿಗೆ ಇದಕ್ಕೇ. ಕುಸುರಿಯೆಲ್ಲ ಹಿನ್ನೆಲೆಗೆ ಮೀಸಲು. ಅದನ್ನು ಒಮ್ಮೆ ಬರೆದರೆ ಮುಗಿಯಿತು; ಅಲುಗಾಡುವುದನ್ನು ಮಾತ್ರ ಪಾರದರ್ಶಕ ಹಾಳೆಗಳಲ್ಲಿ ಮತ್ತೆ ಮತ್ತೆ ಬಿಡಿಸಿ ಅದರ ಮೇಲಿಡುತ್ತಿದ್ದರು. ಬೆಟ್ಟದ ತುಂಬ ನವಿರಾದ ಬಣ್ಣವಿದ್ದು ಒಂದು ಬಂಡೆ ಮಾತ್ರ ಚಪ್ಪಟೆ ಬೂದು ಬಣ್ಣದಲ್ಲಿದ್ದರೆ, ಉರುಳುವುದು ಅದೇ ಎಂದು ಮಕ್ಕಳಿಗೂ ಗೊತ್ತಾಗುತ್ತಿತ್ತು! 1961ರಲ್ಲಿ ಡಿಸ್ನಿಯವರು '101 ಡಾಲ್ಮೇಷಿಯನ್ಸ್' ಚಿತ್ರದಲ್ಲಿ ಚುಕ್ಕೆ ನಾಯಿಗಳ ಹಿಂಡನ್ನೇ ಓಡಿಸಿದಾಗ, ಪೆನ್ಸಿಲ್ ಚಿತ್ರಗಳನ್ನು ಪಾರದರ್ಶಕ ಹಾಳೆಗೆ ಇಳಿಸಲು ಜೆರಾಕ್ಸ್ ಯಂತ್ರದ ಮೊರೆ ಹೋಗಬೇಕಾಯಿತು.

ಕಂಪ್ಯೂಟರಿನಲ್ಲಿ ಹೂದಾನಿಯನ್ನು ಒಮ್ಮೆ ಕಟ್ಟಿದರೆ ಸಾಕು. ಬಳ್ಳಿ ಮೈಗೆ ಅಂಟಿಕೊಂಡೇ ತಿರುಗುತ್ತದೆ, ಕ್ಯಾಮೆರಾ ಬೇಕಾದ ಕಡೆಯಿಂದ ನೋಡುತ್ತದೆ, ಬೆಳಕು ಎಲ್ಲಿ ಬಿದ್ದು ಹೇಗೆ ಹೊಳೆಯುತ್ತದೆಂಬುದನ್ನು ಯಂತ್ರವೇ ಲೆಕ್ಕ ಹಾಕುತ್ತದೆ. 1991ರ 'ಬ್ಯೂಟಿ ಅಂಡ್ ದಿ ಬೀಸ್ಟ್' ಚಿತ್ರದ ನೃತ್ಯದ ದೃಶ್ಯದಲ್ಲಿ ಕುಣಿಯುವ ಇಬ್ಬರನ್ನೂ ಬಿಡಿಸಿದ್ದು ಕೈಯಿಂದಲೇ. ಅವರ ಸುತ್ತಲಿನ ಸಭಾಂಗಣ ಮಾತ್ರ ಕಂಪ್ಯೂಟರಿನದು. ಕೈಚಿತ್ರದಲ್ಲಿ ಪಳಗಿದ ಡಿಸ್ನಿ ಸಂಸ್ಥೆಯೇ ಹಾಗೆ ಮಾಡಿತು ಎನ್ನುವುದನ್ನು ಗಮನಿಸಿ.

ಕಂಪ್ಯೂಟರಿಗೂ ಸೋಲುಗಳಿವೆ, ಇಲ್ಲವೆನ್ನುವುದಿಲ್ಲ. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ 1995ರ 'ಟಾಯ್ ಸ್ಟೋರಿ'ಗೆ ಆಟಿಕೆಗಳು ಒಗ್ಗಿದ್ದೇ ಪ್ಲಾಸ್ಟಿಕ್ಕನ್ನು ತೋರಿಸುವುದು ಸುಲಭವಾಗಿದ್ದರಿಂದ. ಮನುಷ್ಯರ ಚರ್ಮ, ಕೂದಲು ಆಗಿನ್ನೂ ಅದರ ಕೈಗೆ ಹತ್ತಿರಲಿಲ್ಲ. ಸಿಟ್ಟು ಬಂದ ಮುಖವನ್ನು ಮನಬಂದಂತೆ ಎಳೆದು ಹಿಗ್ಗಿಸುವ ಸಲಿಗೆ ಇವತ್ತಿಗೂ ಪೆನ್ಸಿಲ್ಲಿಗೇ ಹೆಚ್ಚು.

ಎಸ್.ಎಂ. ಪಂಡಿತರಂಥ ಕಲಾವಿದರನ್ನು ಕೊಟ್ಟ ಕಲಬುರಗಿ ಸೀಮೆಯವರು ನಾವು, ಕೈಕಸುಬಿನ ಬಗ್ಗೆ ಹೆಮ್ಮೆ ಸಹಜ. ಆದರೆ ಆ ಹೆಮ್ಮೆಯಲ್ಲಿ ಕೈಗೆ ಎಟುಕದ್ದನ್ನೂ ಎಟುಕುತ್ತದೆ ಎಂದು ಸಾಧಿಸಬಾರದು. ಬೀದರ್ ಕೋಟೆಯ ರಂಗೀನ್ ಮಹಲಿಗೆ ಹೋಗಿ, ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನ ಮುಂದೆ ಎರಡು ಹೆಜ್ಜೆ ಆಚೀಚೆ ಸರಿದು ನೋಡಿ. ಬಣ್ಣ ಬದಲಾಗುತ್ತದೆ. ಚಪ್ಪಟೆ ಬಣ್ಣ ತುಂಬಿದ ಹಾಳೆಯಲ್ಲಿ ಅದನ್ನು ಹೇಗೆ ತರುತ್ತೀರಿ? ಯಾರಾದರೂ ಆ ಮಹಲಿನ ಬಗ್ಗೆ ಅನಿಮೇಷನ್ ಮಾಡುವುದಾದರೆ ಗೋಡೆಯನ್ನು ಕಂಪ್ಯೂಟರಿನಲ್ಲೇ ಕಟ್ಟಲಿ, ಅದರ ಮುಂದೆ ನಿಲ್ಲುವ ಸುಲ್ತಾನನನ್ನು ಬೇಕಾದರೆ ಕೈಯಿಂದ ಬಿಡಿಸಲಿ. ಮೊದಲ ಟಿಕೆಟ್ ನನ್ನದು.