ಉತ್ಸುಕ ಅಂದ್ರೆ ಏನತ್ತೆ?

ಮೊನ್ನೆ ಸಂಜೆ ಅಣ್ಣನ ಮಗ ಹೋಂವರ್ಕ್ ಹಿಡ್ಕೊಂಡು ಬಂದ. ಮೂರನೇ ಕ್ಲಾಸು. "ಅತ್ತೆ, ಈಗರ್ ಅಂದ್ರೆ ಏನು?" ನೋಟ್‌ಬುಕ್ಕಲ್ಲಿ ಅರ್ಥ ಬರೆಸೇ ಇದ್ದಾರೆ: ಈಗರ್ – ಉತ್ಸುಕ. "ಬರ್ದಿದೆಯಲ್ಲೋ" ಅಂದೆ. "ಉತ್ಸುಕ ಅಂದ್ರೆ?" ಅಂದ.

ತಪ್ಪು ಅವನದಲ್ಲ. "ನಾನು ಊಟಕ್ಕೆ ಉತ್ಸುಕನಾಗಿದ್ದೇನೆ" ಅಂತ ನಮ್ಮನೇಲಿ ಯಾರೂ ಅಂದಿದ್ದಿಲ್ಲ. ಆ ಪದ ಬದುಕಿರೋದು ಪೇಪರಿನಲ್ಲಿ, ಅದೂ ಚುನಾವಣೆ ಟಿಕೆಟ್ ಆಸೆ ಇರೋರ ಪಾಲಿಗೆ. ಹೋಗಲಿ, ಆತುರ ಅನ್ನೋಣ ಅಂದ್ರೆ ಅದರಲ್ಲಿ ಬೈಗುಳದ ವಾಸನೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಕೇಳಿಕೊಂಡೇ ಬೆಳೆದವರು ನಾವು. (ಸಂಸ್ಕೃತದಲ್ಲಂತೂ ಆತುರ ಅಂದ್ರೆ ರೋಗಿ. ಆಯುರ್ವೇದದ ಪುಸ್ತಕ ತೆಗೆದರೆ ಸಿಗುತ್ತೆ.) ಕಾತರದಲ್ಲಿ ಎದೆ ಢವಢವ ಅನ್ನುತ್ತೆ. ಅದು ರಿಸಲ್ಟ್ ದಿನದ ಪದ, ಇಂಗ್ಲಿಷಿನ ಆಂಕ್ಷಿಯಸ್‌ಗೆ ಹತ್ತಿರ. ಈಗರ್‌ನಲ್ಲಿ ಆ ಭಯ ಇಲ್ಲ, ಬರೀ ಬೇಕು ಬೇಕು ಅನ್ನೋದಷ್ಟೇ.

ಮಜಾ ಏನಂದ್ರೆ, ಈಗರ್ ಹುಟ್ಟಿನಿಂದ ಹುಳಿ. ಲ್ಯಾಟಿನ್ನಿನ ಆಕೆರ್ ಅಂದ್ರೆ ಚೂಪು, ತೀಕ್ಷ್ಣ. ಅದೇ ಫ್ರೆಂಚಿನಲ್ಲಿ ಎಗ್ರ್ ಆಗಿ ಹುಳಿ ಅನ್ನೋ ಅರ್ಥಕ್ಕೆ ಬಂತು. ಗೋಬಿ ಮಂಚೂರಿಗೆ ಸುರಿಯೋ ವಿನೆಗರ್ ಇದೆಯಲ್ಲ, ಹಾಗಂದ್ರೆ ಹುಳಿಯಾದ ವೈನ್. ಅದರ ಬಾಲದಲ್ಲಿರೋದು ಇದೇ ಪದ. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್‌ನಲ್ಲಿ ಕಾವಲಿನ ರಾತ್ರಿ ಬೀಸೋ ಕೊರೆಯೋ ಗಾಳಿಯೂ ಈಗರ್. ಹುಣಸೆಹಣ್ಣು ನೆನೆದರೇ ಬಾಯಲ್ಲಿ ನೀರೂರುತ್ತೆ, ಹಾಗಾಗಿ ಹುಳಿಗೂ ಆಸೆಗೂ ಇರೋ ಈ ನಂಟು ನನಗೇನೂ ವಿಚಿತ್ರ ಅನಿಸಲಿಲ್ಲ.

ನಮ್ಮ ಆಫೀಸು ಮೇಲ್‌ಗಳಲ್ಲಿ ಮಾತ್ರ ಆ ಹುಳಿ ಪೂರ್ತಿ ಸತ್ತಿದೆ. "ಈಗರ್ಲಿ ವೇಟಿಂಗ್ ಫಾರ್ ಯುವರ್ ರಿಪ್ಲೈ" ಅಂತ ನಾನೂ ಬರೀತೀನಿ, ಉತ್ತರ ಬರದಿದ್ರೇ ಒಳ್ಳೇದು ಅನ್ನೋ ಮೇಲಿಗೂ.

ಕೊನೆಗೆ ಅವನನ್ನೇ ಕೇಳಿದೆ, "ಅಪ್ಪ ಸೈಕಲ್ ತರ್ತೀನಿ ಅಂದ ದಿನ ಗೇಟಲ್ಲಿ ಹೆಂಗೆ ನಿಂತಿದ್ಯೋ?"

"ತುದಿಗಾಲಲ್ಲಿ."

"ಅದೇ ಈಗರ್."

ವಾಕ್ಯ ಮಾಡು ಅಂದೆ. "ಐ ಆಮ್ ಈಗರ್ ಸೈಕಲ್" ಅಂದ. ವಸ್ತು ಆದ್ರೆ ನಡುವೆ ಫಾರ್, ಕೆಲಸ ಆದ್ರೆ ಟು, ಅಂದ್ರೆ ಸೈಕಲ್ಲಿಗೆ ಫಾರ್, ಸೈಕಲ್ ಹೊಡೆಯೋದಕ್ಕೆ ಟು ಅಂತ ಹೇಳಿಕೊಟ್ಟೆ. ಅಷ್ಟರಲ್ಲಿ ಅವನು ರಬ್ಬರ್ ತಗೊಂಡು ಉತ್ಸುಕ ಅಳಿಸಿ, "ತುದಿಗಾಲಲ್ಲಿ ನಿಂತಿರೋದು" ಅಂತ ದುಂಡಗೆ ಬರೆದಾಗಿತ್ತು.

ಮಾರನೇ ದಿನ ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಮತ್ತೆ ಉತ್ಸುಕ. ಹತ್ತು ಸಲ ಬರ್ಕೊಂಡು ಬಾ ಅಂದಿದ್ದಾರಂತೆ. ಅದರಲ್ಲಿ ನಾಲ್ಕು ನನ್ನ ಕೈಬರಹ.