ಸತ್ಯಾಂಶ: ವೈಟ್ ವೈನ್ ತಳದ ಹರಳು ಗಾಜಿನ ಪುಡಿಯಲ್ಲ

"ಅಗ್ಗದ ವೈಟ್ ವೈನ್ ಬಾಟಲಿಯ ತಳದಲ್ಲಿ ಹರಳು ಕಂಡರೆ ಅದು ಗಾಜಿನ ಪುಡಿ ಇಲ್ಲವೇ ಕೆಮಿಕಲ್" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತದೆ. ಇದು ತಪ್ಪು.

ಆ ಹರಳು ದ್ರಾಕ್ಷಿಯದ್ದೇ. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ನಮ್ಮ ಸಾರಿಗೆ ಹಾಕುವ ಹುಣಸೆಹಣ್ಣಿನ ಹುಳಿಗೂ ಮುಖ್ಯವಾಗಿ ಇದೇ ಕಾರಣ. ಈ ಆಮ್ಲ ದ್ರಾಕ್ಷಿಯಲ್ಲೇ ಇರುವ ಪೊಟ್ಯಾಸಿಯಂ ಜೊತೆ ಸೇರಿ ಲವಣವಾಗುತ್ತದೆ. ತಣ್ಣಗಾದಷ್ಟೂ ಆ ಲವಣ ಕರಗುವುದು ಕಡಿಮೆ. ಹಾಗಾಗಿ ಬಹಳ ದಿನ ಫ್ರಿಜ್‌ನಲ್ಲಿಟ್ಟ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಪುಡಿಯ ಹಾಗೆ ಮಿನುಗುತ್ತಾ ಕೂರುತ್ತದೆ. ಬೇಕರಿಯವರು ಬಳಸುವ ಕ್ರೀಮ್ ಆಫ್ ಟಾರ್ಟಾರ್ ಕೂಡ ಇದೇ ವಸ್ತು. ಹಲವು ವೈನರಿಗಳು ಬಾಟಲಿಗೆ ತುಂಬುವ ಮೊದಲೇ ವೈನನ್ನು 0 ಡಿಗ್ರಿಯ ಆಸುಪಾಸಿಗೆ ತಣಿಸಿ ಹರಳು ತೆಗೆದಿರುತ್ತವೆ. ಹರಳು ಇದೆಯೋ ಇಲ್ಲವೋ ಎಂಬುದರಿಂದ ಗುಣಮಟ್ಟ ತಿಳಿಯುವುದಿಲ್ಲ.

ಅನುಮಾನವಿದ್ದರೆ ಒಂದಿಷ್ಟು ಹರಳನ್ನು ಬಿಸಿನೀರಿಗೆ ಹಾಕಿ ಕಲಕಿ. ಇದು ಕರಗುತ್ತದೆ, ಗಾಜು ಕರಗುವುದಿಲ್ಲ. ಬಾಟಲಿಯ ಬಾಯಿಯೇ ಒಡೆದಿದ್ದರೆ ಮಾತ್ರ ಯೋಚಿಸದೆ ಚೆಲ್ಲಿಬಿಡಿ.

ಇನ್ನು ರುಚಿಯ ಮಾತು. ನಾಸಿಕ್ ಕಡೆಯ ಶೆನಿನ್ ಬ್ಲಾಂಕ್‌ನಂಥ ಕೈಗೆಟಕುವ ವೈನನ್ನು ಮಂಜುಗಡ್ಡೆಯಷ್ಟು ತಣ್ಣಗೆ ಕುಡಿದರೆ ಪರಿಮಳವೇ ಮುಚ್ಚಿಹೋಗುತ್ತದೆ, ನನಗೆ ಇದೇ ದೊಡ್ಡ ನಷ್ಟ ಅನಿಸುತ್ತದೆ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಡಿ. ಅಲುಗಾಡಿಸದೆ ನಿಧಾನವಾಗಿ ಬಗ್ಗಿಸಿ, ಕೊನೆಯ ಒಂದು ಬೆರಳಷ್ಟನ್ನು ಹರಳಿನೊಂದಿಗೆ ಬಾಟಲಿಯಲ್ಲೇ ಉಳಿಸಿ.